ಲಿಫ್ಟ್ ಮಾಡಿದ ಮೇಲೂ ದೊಡ್ಡ ಟೈರು ಏಕೆ ಉಜ್ಜುತ್ತದೆ?

ಟೊಯೊಟಾದ ಪಿಕಪ್ ಹೈಲಕ್ಸ್‌ಗೆ ಗಾಡಿಯನ್ನು ಎತ್ತರಿಸುವ ಎರಡು ಇಂಚಿನ ಲಿಫ್ಟ್ ಕಿಟ್ ಹಾಕಿಸಿ, 33 ಇಂಚಿನ ಟೈರು ಕೂರಿಸಿ, ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಟೈರಿಗೂ ಅದರ ಮೇಲಿನ ತಗಡಾದ ಫೆಂಡರಿಗೂ ನಡುವೆ ಅಂಗೈ ತೂರುವಷ್ಟು ಜಾಗ ಇರುತ್ತದೆ. ಆಮೇಲೆ ಗಾಡಿಯನ್ನು ಹಿಂದಕ್ಕೆ ತೆಗೆಯಲು ಸ್ಟಿಯರಿಂಗ್ ಕೊನೆಯವರೆಗೆ ತಿರುಗಿಸಿದಾಗ ಒಳಗಿನಿಂದ ಕರಕರ ಸದ್ದು. ಹಳ್ಳಕೊರಕಲಿನಲ್ಲಿ ಒಂದು ಚಕ್ರ ಇಳಿದು ಇನ್ನೊಂದು ಏರಿದಾಗ ಪ್ಲಾಸ್ಟಿಕ್ ಕಿತ್ತುಬರುವ ಸದ್ದು. ‘ಎರಡಿಂಚು ಸಾಲದು, ಇನ್ನೂ ಎತ್ತರಿಸಬೇಕು’ ಎಂದು ಹೆಚ್ಚಿನವರು ತೀರ್ಮಾನಿಸುವುದು ಇಲ್ಲೇ. ಆ ತೀರ್ಮಾನದಿಂದ ದುಡ್ಡು ಹೋಗುತ್ತದೆ, ಗಾಡಿಯ ನಡತೆ ಕೆಡುತ್ತದೆ, ಉಜ್ಜುವುದು ಮಾತ್ರ ನಿಲ್ಲುವುದಿಲ್ಲ.

ಕಾರಣ ಸರಳವಾಗಿದೆ. ಲಿಫ್ಟ್ ಬದಲಿಸುವುದು ಗಾಡಿ ನಿಂತಿರುವಾಗಿನ ಎತ್ತರವನ್ನು. ಗುಂಡಿಗೆ ಬಿದ್ದು ಸಸ್ಪೆನ್ಷನ್ ಪೂರ್ತಿ ಒತ್ತಿಕೊಂಡಾಗ ಚಕ್ರ ಎಲ್ಲಿಯವರೆಗೆ ಮೇಲೇರುತ್ತದೆ ಎಂಬುದನ್ನು ನಿರ್ಧರಿಸುವುದು ಬಂಪ್ ಸ್ಟಾಪ್, ಅಂದರೆ ಚಾಸಿಗೂ ಚಕ್ರವನ್ನು ಹಿಡಿದ ತೋಳಿಗೂ (ಕಂಟ್ರೋಲ್ ಆರ್ಮ್) ನಡುವೆ ಇರುವ ರಬ್ಬರ್ ಗುಬಟು. ಅದನ್ನು ಮುಟ್ಟದೆ ಎಷ್ಟು ಇಂಚು ಲಿಫ್ಟ್ ಮಾಡಿದರೂ ಚಕ್ರ ಮೇಲೇರಿ ನಿಲ್ಲುವ ಜಾಗ ಹಳೆಯದೇ. ಟೈರು ಮಾತ್ರ ಹಳೆಯದಲ್ಲ. ಎತ್ತರಿಸುವ ಕೆಲಸವೇ ಬೇರೆ, ಟೈರಿಗೆ ಜಾಗ ಮಾಡುವ ಕೆಲಸವೇ ಬೇರೆ ಎಂದು ಮೊದಲೇ ಬಿಡಿಸಿಕೊಂಡರೆ ಮುಂದಿನ ಲೆಕ್ಕವೆಲ್ಲ ಸುಲಭ.

ಉದಾಹರಣೆಗೆ ಹೈಲಕ್ಸ್ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಆಸ್ಟ್ರೇಲಿಯಾದಿಂದ ಐಸ್‌ಲ್ಯಾಂಡಿನವರೆಗೆ ಹೆಚ್ಚು ಮಾರ್ಪಾಡು ಕಂಡಿರುವ ಪಿಕಪ್‌ಗಳಲ್ಲಿ ಇದೂ ಒಂದು. ಭಾರತಕ್ಕೆ 2022ರಲ್ಲಿ ಬಂದ ಹೈಲಕ್ಸ್ ತಯಾರಾಗುವುದು ನಮ್ಮ ಬಿಡದಿಯಲ್ಲೇ. ಫಾರ್ಚುನರ್, ಇನ್ನೋವಾ ಕ್ರಿಸ್ಟಾ ಕೂಡ ಇದೇ ಕುಟುಂಬದ ಚಾಸಿಯ ಮೇಲೆ ನಿಂತ ಗಾಡಿಗಳು. ಅಮೆರಿಕದಲ್ಲಿರುವವರಿಗೆ ಹೈಲಕ್ಸ್ ಸಿಗುವುದಿಲ್ಲ, ಆದರೆ ಅಲ್ಲಿ ಸಿಗುವ ಟೊಯೊಟಾ ಪಿಕಪ್ ಟಕೋಮಾದ ಮುಂಭಾಗದ ರಚನೆಯೂ ಇದೇ ಬಗೆಯದು. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಬಹುಪಾಲು ಅದಕ್ಕೂ ಹೊಂದುತ್ತದೆ.

ಟೈರಿನ ಮೈಮೇಲಿನ ಅಂಕಿಗಳು

ಕಂಪನಿಯಿಂದ ಬರುವ ಒಂದು ಅಳತೆ 265/65 ಆರ್17. ಟೈರಿನ ಅಗಲ 265 ಮಿಲಿಮೀಟರ್, ಅದರ ಗೋಡೆಯ ಎತ್ತರ ಆ ಅಗಲದ ಶೇ 65, ರಿಮ್ಮಿನ ವ್ಯಾಸ 17 ಇಂಚು. ರಿಮ್ 431.8 ಮಿ.ಮೀ., ಅದರ ಮೇಲೊಂದು ಕೆಳಗೊಂದು ಗೋಡೆ ಸೇರಿಸಿದರೆ ಒಟ್ಟು ವ್ಯಾಸ ಸುಮಾರು 776 ಮಿ.ಮೀ., ಅಂದರೆ ಮೂವತ್ತೂವರೆ ಇಂಚು. ‘ಮೂವತ್ಮೂರು’ ಎಂದು ಎಲ್ಲರೂ ಕರೆಯುವ 285/70 ಆರ್17 ಟೈರನ್ನು ಇದೇ ಲೆಕ್ಕದಲ್ಲಿ ಅಳೆದರೆ 831 ಮಿ.ಮೀ. ಬರುತ್ತದೆ, 32.7 ಇಂಚು. ವ್ಯತ್ಯಾಸ ಸುಮಾರು 55 ಮಿ.ಮೀ. ಅದರಲ್ಲಿ ಅರ್ಧ, ಅಂದರೆ 27 ಮಿ.ಮೀ. ಮಾತ್ರ ಡಿಫರೆನ್ಷಿಯಲ್ಲಿನ, ಅಂದರೆ ಆಕ್ಸಲ್ಲಿನ ನಡುವಿನ ಗೇರು ಉಂಡೆಯ ಕೆಳಗೆ ಸಿಗುವ ಹೆಚ್ಚುವರಿ ಎತ್ತರ.

ಈ 27 ಮಿಲಿಮೀಟರ್ ಕಡಿಮೆ ಎನ್ನಿಸಬಹುದು. ಆದರೆ ಹಿಂದಿನ ಆಕ್ಸಲ್ಲಿನ ಉಂಡೆಯನ್ನು ಕಲ್ಲಿನಿಂದ ಮೇಲೆತ್ತುವುದು ಟೈರು ಮಾತ್ರ. ಸ್ಪ್ರಿಂಗ್ ಲಿಫ್ಟ್ ಎತ್ತುವುದು ಬಾಡಿಯನ್ನು. ಹಿಂದಿನ ಆಕ್ಸಲ್ ಎಲ್ಲಿತ್ತೋ ಅಲ್ಲೇ ಇರುತ್ತದೆ. ಆದ್ದರಿಂದ ದೊಡ್ಡ ಟೈರು ಬೇಕೆನ್ನುವವರ ಆಸೆಯಲ್ಲಿ ಅರ್ಥವಿದೆ.

ತೊಂದರೆ ಏನೆಂದರೆ ಅದೇ 27 ಮಿ.ಮೀ. ಟೈರಿನ ಸುತ್ತಲೂ ಬೆಳೆದಿದೆ. ಮೇಲೆ ಫೆಂಡರಿನ ಕಡೆಗೆ, ಮುಂದೆ ಬಂಪರಿನ ಕಡೆಗೆ, ಹಿಂದೆ ಕ್ಯಾಬಿನ್ನಿನ ಕಡೆಗೆ. ಅಗಲವೂ 20 ಮಿ.ಮೀ. ಹೆಚ್ಚಾಗಿದ್ದರಿಂದ ಒಳಕ್ಕೆ ಹತ್ತು, ಹೊರಕ್ಕೆ ಹತ್ತು. ಲಿಫ್ಟ್ ಇದರಲ್ಲಿ ಮೇಲಿನ ದಿಕ್ಕಿಗೆ ಮಾತ್ರ, ಅದೂ ಗಾಡಿ ಸುಮ್ಮನೆ ನಿಂತಿರುವಾಗ ಮಾತ್ರ ಪರಿಹಾರ. ಉಳಿದ ದಿಕ್ಕುಗಳಿಗೆ ಅದರಿಂದ ಪ್ರಯೋಜನವಿಲ್ಲ.

ಲಿಫ್ಟ್ ಒಳಗೆ ಏನಾಗುತ್ತದೆ

ಹೈಲಕ್ಸಿನ ಮುಂದೆ ಎರಡು ಚಕ್ರಗಳೂ ಸ್ವತಂತ್ರ. ಪ್ರತಿ ಚಕ್ರಕ್ಕೆ ಮೇಲೊಂದು ಕೆಳಗೊಂದು ಕಂಟ್ರೋಲ್ ಆರ್ಮ್, ನಡುವೆ ಕಾಯಿಲ್ ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್. ಈ ಶಾಕ್ ಕೆಳಗಿನ ಆರ್ಮಿನ ತುದಿಯಲ್ಲಿ ಕೂರುವುದಿಲ್ಲ, ಸ್ವಲ್ಪ ಒಳಗೆ, ನಡುವಿನ ಹತ್ತಿರ ಕೂರುತ್ತದೆ. ಹಾಗಾಗಿ ಶಾಕ್ ಒಂದು ಇಂಚು ಚಲಿಸಿದರೆ ಚಕ್ರ ಹೆಚ್ಚುಕಡಿಮೆ ಎರಡು ಇಂಚು ಚಲಿಸುತ್ತದೆ. ಕಿಟ್ಟಿನ ಡಬ್ಬ ಬಿಚ್ಚಿ ಒಂದು ಇಂಚಿನ ಸ್ಪೇಸರ್ (ನಡುವೆ ಇಡುವ ದಪ್ಪ ಬಿಲ್ಲೆ) ನೋಡಿ ‘ಎರಡಿಂಚು ಅಂತ ಹೇಳಿ ಮೋಸ ಮಾಡಿದರು’ ಎಂದುಕೊಳ್ಳುವವರಿದ್ದಾರೆ. ಮೋಸವೇನೂ ಇಲ್ಲ, ಆ ಅನುಪಾತದ ಲೆಕ್ಕ ಅದು.

ಚಕ್ರದ ಒಟ್ಟು ಓಡಾಟ 200 ಮಿ.ಮೀ. ಎಂದು ಇಟ್ಟುಕೊಳ್ಳೋಣ. ನಿಂತಾಗ ನಡುವಿನಲ್ಲಿದ್ದರೆ ಮೇಲೇರಲು 100, ಕೆಳಗಿಳಿಯಲು 100. ಎರಡು ಇಂಚು, ಅಂದರೆ ಸುಮಾರು 50 ಮಿ.ಮೀ. ಎತ್ತರಿಸುವುದನ್ನು ಮೂರು ಬಗೆಯಲ್ಲಿ ಮಾಡಬಹುದು. ಮೂರರ ಪರಿಣಾಮವೂ ಬೇರೆಬೇರೆ.

ಶಾಕಿನ ತಲೆಯ ಮೇಲೆ ಸ್ಪೇಸರ್ ಇಡುವುದು ಅಗ್ಗದ ದಾರಿ. ಸ್ಪ್ರಿಂಗ್ ಹಳೆಯದೇ, ಮೆತ್ತನೆಯ ಸವಾರಿಯೂ ಹಳೆಯದೇ. ಆದರೆ ಇಡೀ ಓಡಾಟವೇ 50 ಮಿ.ಮೀ. ಕೆಳಗೆ ಜಾರಿರುತ್ತದೆ. ಚಕ್ರ ಕೆಳಗೆ ಜೋತುಬಿದ್ದಾಗ ಆರ್ಮನ್ನು ಚಕ್ರದ ಕಡೆಗೆ ಕೂಡಿಸುವ ಬಾಲ್ ಜಾಯಿಂಟು, ಓರೆಯಾದರೂ ಚಕ್ರವನ್ನು ತಿರುಗಿಸುವ ಆಕ್ಸಲ್ಲಿನ ಸಿವಿ ಜಾಯಿಂಟು ತಮ್ಮ ಮಿತಿ ಮೀರಿದ ಕೋನಕ್ಕೆ ಬಾಗುತ್ತವೆ. ಮೇಲೇರುವಾಗ ಚಾಸಿಯ ಬಂಪ್ ಸ್ಟಾಪ್ ತಾಗುವ ಮೊದಲೇ ಶಾಕ್ ತನ್ನೊಳಗೇ ತಳಕ್ಕೆ ಬಡಿಯಬಹುದು. ಆಗ ಬಂಪ್ ಸ್ಟಾಪ್ ಮಾಡಬೇಕಾದ ಕೆಲಸವನ್ನು ಶಾಕ್ ಮಾಡುತ್ತದೆ, ಕೆಲವೇ ದಿನಗಳಲ್ಲಿ ಎಣ್ಣೆ ಒಸರಲು ಶುರುವಾಗುತ್ತದೆ. ನನ್ನ ಮಟ್ಟಿಗೆ ಕಚ್ಚಾ ದಾರಿಗೆ ಇಳಿಯುವ ಗಾಡಿಗೆ ಇದು ಬೇಡವೇ ಬೇಡ.

ಎರಡನೆಯದು ಸ್ಪ್ರಿಂಗಿನ ಮೇಲೆ ಮಾತ್ರ ಸ್ಪೇಸರ್ ಇಟ್ಟು, ಶಾಕಿನ ಉದ್ದ ಬದಲಿಸದೆ ಸ್ಪ್ರಿಂಗನ್ನು ಬಿಗಿದು ಕೂರಿಸುವುದು. ಗಾಡಿ ಏರುತ್ತದೆ. ಆದರೆ ಶಾಕ್ ಅಷ್ಟೇ ಉದ್ದ ಇರುವುದರಿಂದ ಈಗ ಮೇಲಕ್ಕೆ 150, ಕೆಳಕ್ಕೆ ಬರೀ 50. ರಸ್ತೆ ಉಬ್ಬು ದಾಟಿದ ಕೂಡಲೇ ಚಕ್ರ ಕೆಳಗಿಳಿದು ಶಾಕ್ ಕೊನೆಗೆ ತಾಗಿ ‘ಟಕ್’ ಎನ್ನುತ್ತದೆ. ಹಳ್ಳದಲ್ಲಿ ಚಕ್ರ ನೆಲ ಬಿಡುವುದು ಹೆಚ್ಚುತ್ತದೆ. ಚಕ್ರ ಗಾಳಿಯಲ್ಲಿದ್ದರೆ ಹಿಡಿತ ಎಲ್ಲಿಂದ ಬರಬೇಕು?

ಮೂರನೆಯದು ಸರಿಯಾದ ದಾರಿ: ಉದ್ದನೆಯ ಶಾಕ್, ಗಾಡಿಯ ಮೇಲಿನ ಭಾರಕ್ಕೆ ತಕ್ಕ ಸ್ಪ್ರಿಂಗ್, ಅವಕ್ಕೆ ಹೊಂದುವ ಮೇಲಿನ ಆರ್ಮ್. ಮುಂದೆ ಕಬ್ಬಿಣದ ಬಂಪರು, ವಿಂಚು ಇದ್ದರೆ ಆ ತೂಕವನ್ನೂ ಲೆಕ್ಕ ಹಾಕಿಯೇ ಸ್ಪ್ರಿಂಗ್ ಆರಿಸಬೇಕು. ಖಾಲಿ ಗಾಡಿಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಮೂಗು ಆಕಾಶ ನೋಡುತ್ತದೆ, ಒತ್ತಬೇಕಾದಾಗ ಒತ್ತುವುದಿಲ್ಲ.

ಗಮನಿಸಿ: ಎರಡನೆಯದರಲ್ಲೂ ಮೂರನೆಯದರಲ್ಲೂ ಪೂರ್ತಿ ಒತ್ತಿದಾಗ ಚಕ್ರ ಹೋಗಿ ನಿಲ್ಲುವುದು ಕಂಪನಿ ಇಟ್ಟ ಬಂಪ್ ಸ್ಟಾಪಿನಲ್ಲೇ. ಟೈರಿನ ಮೇಲ್ಭಾಗ ಮಾತ್ರ ಮೊದಲಿಗಿಂತ 27 ಮಿ.ಮೀ. ಮೇಲೆ.

ಎಲ್ಲೆಲ್ಲಿ ತಾಗುತ್ತದೆ

ಬಾನೆಟ್ ಮೇಲಿಂದ ಬಗ್ಗಿ ನೋಡಿದರೆ ಇದು ಕಾಣುವುದಿಲ್ಲ. ಗಾಡಿಯ ಪಕ್ಕದಲ್ಲಿ ನೆಲದ ಮೇಲೆ ಮಲಗಿ, ಟಾರ್ಚು ಹಿಡಿದು, ಇನ್ನೊಬ್ಬರಿಗೆ ಸ್ಟಿಯರಿಂಗ್ ತಿರುಗಿಸಲು ಹೇಳಬೇಕು. ಎಡ ಚಕ್ರವನ್ನೇ ನೋಡಿ. ಸ್ಟಿಯರಿಂಗ್ ಪೂರ್ತಿ ಎಡಕ್ಕೆ ಹೋದಾಗ ಟೈರಿನ ಮುಂಭಾಗ ಹೊರಕ್ಕೆ ಚಾಚುತ್ತದೆ, ಹಿಂಭಾಗದ ಒಳ ಅಂಚು ಚಾಸಿಯ ಕಡೆ ನುಗ್ಗುತ್ತದೆ. ಅಲ್ಲಿ ಕ್ಯಾಬಿನ್ನನ್ನು ಹೊತ್ತಿರುವ ಬಾಡಿ ಮೌಂಟ್ ಇದೆ. ಚಾಸಿಗೆ ಬೆಸೆದ ದಪ್ಪ ಕಬ್ಬಿಣದ ಬ್ರಾಕೆಟ್ಟು ಅದು, ಮೇಲೆ ರಬ್ಬರ್ ಗುಬಟು ಕೂತಿರುತ್ತದೆ. ದೊಡ್ಡ ಟೈರಿನ ಭುಜದ, ಅಂದರೆ ಅಂಚಿನ, ರಬ್ಬರ್ ಉಬ್ಬುಗಳು ಮೊದಲು ತಾಗುವುದು ಸಾಮಾನ್ಯವಾಗಿ ಈ ಬ್ರಾಕೆಟ್ಟಿನ ಮುಂದಿನ ಮೂಲೆಗೆ. ಅಲ್ಲಿ ಬಣ್ಣ ಹೋಗಿ ಕಬ್ಬಿಣ ಫಳಫಳ ಹೊಳೆಯುತ್ತಿದ್ದರೆ ಸಾಕ್ಷಿ ಸಿಕ್ಕಂತೆ.

ಅದರ ಹೊರಬದಿಗೆ, ಬಾಗಿಲಿನ ಕೆಳಗೆ, ಎರಡು ತಗಡುಗಳನ್ನು ಕೂಡಿಸಿ ಬೆಸೆದ ಅಂಚೊಂದು ಚಾಚಿಕೊಂಡಿರುತ್ತದೆ. ಅದು ಟೈರನ್ನು ಬ್ಲೇಡಿನಂತೆ ಕೊಯ್ಯಬಲ್ಲದು. ಬಲಕ್ಕೆ ತಿರುಗಿಸಿದಾಗ ಅದೇ ಎಡ ಚಕ್ರದ ಮುಂಭಾಗ ಬಂಪರಿನ ಪ್ಲಾಸ್ಟಿಕ್ಕಿಗೂ ಒಳಗಿನ ಲೈನರಿಗೂ ತಾಗುತ್ತದೆ. ರಿಮ್ ಹೆಚ್ಚು ಒಳಗೆ ಕೂರುವಂಥದ್ದಾದರೆ ಟೈರಿನ ಒಳಗೋಡೆ ಮೇಲಿನ ಕಂಟ್ರೋಲ್ ಆರ್ಮನ್ನು ಸವರುತ್ತದೆ. ಇವುಗಳಲ್ಲಿ ಯಾವುದಕ್ಕೂ ಗಾಡಿಯ ಎತ್ತರಕ್ಕೂ ನೇರ ಸಂಬಂಧವಿಲ್ಲ ಎಂಬುದನ್ನು ನೋಡಿ.

ಇಲ್ಲಿ ಬಹಳ ಜನ ಎಡವುವುದು ರಿಮ್ಮಿನ ಆಫ್‌ಸೆಟ್ ವಿಷಯದಲ್ಲಿ. ರಿಮ್ ಗಾಡಿಗೆ ಕೂರುವ ಮೈ ಅದರ ನಡುಗೆರೆಯಿಂದ ಎಷ್ಟು ಮಿಲಿಮೀಟರ್ ಹೊರಗಿದೆ ಎಂಬ ಅಂಕಿ ಅದು. ಅಂಕಿ ಇಳಿದಷ್ಟೂ ಚಕ್ರ ಹೊರಗೆ ಬರುತ್ತದೆ. ಒಳಗೆ ತಾಗುತ್ತಿದೆ, ಹಾಗಾದರೆ ಚಕ್ರವನ್ನು ಹೊರಗೆ ತಳ್ಳೋಣ ಎಂದು ಆಫ್‌ಸೆಟ್ +30ರ ರಿಮ್ ತೆಗೆದು 0 ಆಫ್‌ಸೆಟ್ಟಿನದು ಹಾಕುತ್ತಾರೆ, ಅಥವಾ 30 ಮಿ.ಮೀ. ಸ್ಪೇಸರ್ ಸೇರಿಸುತ್ತಾರೆ. ಚಕ್ರದ ನಡುಗೆರೆ 30 ಮಿ.ಮೀ. ಹೊರಗೆ ಬರುತ್ತದೆ. ಮೇಲಿನ ಆರ್ಮಿನ ಕಡೆ ಜಾಗ ಸಿಗುವುದು ನಿಜ. ಆದರೆ ಚಕ್ರ ತಿರುಗುವುದು ತನ್ನ ನಡುಗೆರೆಯ ಮೇಲಲ್ಲ, ಎರಡು ಬಾಲ್ ಜಾಯಿಂಟುಗಳನ್ನು ಕೂಡಿಸುವ ಗೆರೆಯ ಮೇಲೆ. ಆ ಗೆರೆಯಿಂದ ಚಕ್ರ ಎಷ್ಟು ದೂರವೋ ತಿರುಗುವಾಗ ಅದು ಬೀಸುವ ಕಮಾನು ಅಷ್ಟು ದೊಡ್ಡದು. ಚಕ್ರ 35 ಡಿಗ್ರಿ ತಿರುಗುತ್ತದೆ ಎಂದುಕೊಂಡರೆ ಆ 30 ಮಿ.ಮೀ.ನಿಂದಾಗಿ ಇಡೀ ಟೈರು 17 ಮಿ.ಮೀ. ಹೆಚ್ಚು ಹಿಂದಕ್ಕೆ, ಇನ್ನೊಂದು ಕಡೆ ತಿರುಗಿದಾಗ ಅಷ್ಟೇ ಮುಂದಕ್ಕೆ ಸರಿಯುತ್ತದೆ. ತಾಗುತ್ತಿದ್ದ ಜಾಗ ಒಂದು ಹೋಗಿ ಎರಡು ಬಂತು. ಜೊತೆಗೆ ಗುಂಡಿಯ ಹೊಡೆತ ಸ್ಟಿಯರಿಂಗಿಗೆ ಜೋರಾಗಿ ಬರುತ್ತದೆ, ಚಕ್ರದ ಬೇರಿಂಗು ಬೇಗ ಸವೆಯುತ್ತದೆ. ಟೈರು ಫೆಂಡರಿನಾಚೆ ಚಾಚಿಕೊಂಡ ನೋಟ ಕೆಲವರಿಗೆ ಇಷ್ಟ. ಕೆಲಸ ಮಾಡುವ ಗಾಡಿಗೆ ಕಂಪನಿ ಆಫ್‌ಸೆಟ್ಟಿಗೆ ಹತ್ತಿರವಾದಷ್ಟೂ ಒಳ್ಳೆಯದು ಎಂದೇ ನನ್ನ ಗಟ್ಟಿ ನಂಬಿಕೆ.

ಇದಕ್ಕಿಂತ ಸೂಕ್ಷ್ಮವಾದದ್ದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗೆ ನಿಲ್ಲದೆ ಹಿಂದಕ್ಕೆ ವಾಲಿರುತ್ತದಲ್ಲ, ಕೈಬಿಟ್ಟು ಓಡಿಸಿದರೂ ಅದು ನೇರ ಹೋಗುವುದರಲ್ಲಿ ಆ ವಾಲಿಕೆಯ ಪಾಲು ದೊಡ್ಡದು. ಪಿಕಪ್ಪಿನಲ್ಲೂ ಮೇಲಿನ ಬಾಲ್ ಜಾಯಿಂಟ್ ಕೆಳಗಿನದಕ್ಕಿಂತ ತುಸು ಹಿಂದಿರುತ್ತದೆ. ಈ ವಾಲಿಕೆಯೇ ಕ್ಯಾಸ್ಟರ್. ಲಿಫ್ಟ್ ಮಾಡಿದಾಗ ಆರ್ಮುಗಳ ಜೋಡಣೆಯಿಂದಾಗಿ ಮೇಲಿನ ಜಾಯಿಂಟ್ ಮುಂದಕ್ಕೆ ಸರಿದು ಕ್ಯಾಸ್ಟರ್ ಕಡಿಮೆಯಾಗುತ್ತದೆ. ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ, ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ದೊಡ್ಡ ಟೈರು ಹಾಕಿದ ಮೇಲಂತೂ ಇದು ಇನ್ನೂ ಎದ್ದು ಕಾಣುತ್ತದೆ.

ಕ್ಯಾಸ್ಟರ್ ಮರಳಿ ತರಲು ಎರಡು ದಾರಿ. ಮೇಲಿನ ಜಾಯಿಂಟನ್ನು ಹಿಂದಕ್ಕೆ ಎಳೆಯುವುದು ಒಂದು, ಕೆಳಗಿನದನ್ನು ಮುಂದಕ್ಕೆ ತಳ್ಳುವುದು ಇನ್ನೊಂದು. ಕ್ಯಾಸ್ಟರಿನ ಅಂಕಿ ಎರಡರಲ್ಲೂ ಒಂದೇ ಬರಬಹುದು, ಆದರೆ ಟೈರಿನ ಜಾಗ ಒಂದೇ ಅಲ್ಲ. ಕೆಳಗಿನ ಆರ್ಮಿನ ಬುಡದಲ್ಲಿರುವ ಕ್ಯಾಮ್ ಬೋಲ್ಟುಗಳನ್ನು ತಿರುಗಿಸಿ ಜಾಯಿಂಟನ್ನು ಮುಂದಕ್ಕೆ ತಳ್ಳಿದರೆ ಇಡೀ ಚಕ್ರವೇ ಕೆಲವು ಮಿಲಿಮೀಟರ್ ಮುಂದೆ ಬಂದು ಬಾಡಿ ಮೌಂಟಿನಿಂದ ದೂರವಾಗುತ್ತದೆ. ಮೇಲಿನದನ್ನು ಮಾತ್ರ ಎಳೆದರೆ ಚಕ್ರ ತುಸು ಹಿಂದಕ್ಕೇ ಹೋಗುತ್ತದೆ. ಒಳ್ಳೆಯ ಮೇಲಿನ ಆರ್ಮ್ ಕೊಳ್ಳುವುದು ಇದಕ್ಕಾಗಿಯೂ ಹೌದು. ಅಗತ್ಯದ ಕ್ಯಾಸ್ಟರಿನ ಒಂದು ಭಾಗ ಅದರ ಅಚ್ಚಿನಲ್ಲೇ ಇರುವುದರಿಂದ ಕೆಳಗಿನ ಕ್ಯಾಮಿಗೆ ಚಕ್ರವನ್ನು ಮುಂದೆ ತಳ್ಳುವ ಸ್ವಾತಂತ್ರ್ಯ ಉಳಿಯುತ್ತದೆ. ಅಲೈನ್‌ಮೆಂಟ್ ಮಾಡುವವರಿಗೆ ‘ಯಂತ್ರದ ಪರದೆಯ ಹಸಿರು ಗೆರೆಯೊಳಗೆ ತಂದು ಬಿಡಿ’ ಎಂದರೆ ಸಾಲದು. ಚಕ್ರ ಮುಂದಕ್ಕೆ ಬರುವ ಹಾಗೆ ಕ್ಯಾಸ್ಟರ್ ಕೊಡಿ ಎಂದು ಬಾಯಿಬಿಟ್ಟು ಹೇಳಬೇಕು.

ನಿಜವಾದ ಪರೀಕ್ಷೆ

ಟೈರು ಕೊಳ್ಳುವ ಮೊದಲೇ ಅದು ಎಲ್ಲಿ ತಾಗುತ್ತದೆ ಎಂದು ತಿಳಿಯುವ ಖಚಿತ ದಾರಿ ಒಂದಿದೆ, ಮತ್ತು ಬಹುತೇಕ ಯಾರೂ ಅದನ್ನು ಮಾಡುವುದಿಲ್ಲ. ಗಾಡಿಯ ಚಾಸಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಕಾಯಿಲ್ ಮತ್ತು ಶಾಕ್ ಇರುವ ಜೋಡಣೆಯನ್ನು ಪೂರ್ತಿ ಕಳಚಿ ತೆಗೆಯಬೇಕು. ಕಳಚಿದ ಕಾಯಿಲನ್ನು ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸರಿಯಾದ ಕಂಪ್ರೆಸರ್ ಇಲ್ಲದೆ ಬಿಚ್ಚಬಾರದು. ಒತ್ತಿಟ್ಟ ಸ್ಪ್ರಿಂಗ್ ಸಿಡಿದರೆ ಜೀವಕ್ಕೇ ಅಪಾಯ. ಆಮೇಲೆ ಸ್ನೇಹಿತರಿಂದಲೋ ಅಂಗಡಿಯಿಂದಲೋ ತಂದ ಒಂದೇ ಒಂದು ದೊಡ್ಡ ಟೈರು ಹಾಕಿ, ಕೆಳಗಿನ ಆರ್ಮಿಗೆ ಜ್ಯಾಕ್ ಕೊಟ್ಟು ನಿಧಾನವಾಗಿ ಎತ್ತುತ್ತಾ ಹೋಗಬೇಕು. ಸ್ಪ್ರಿಂಗ್ ಇಲ್ಲದ್ದರಿಂದ ಚಕ್ರ ಹಗುರಾಗಿ ಮೇಲೇರಿ ಬಂಪ್ ಸ್ಟಾಪಿಗೆ ತಾಗುತ್ತದೆ. ಪ್ರತಿ ಎರಡು ಬೆರಳು ಏರಿಸಿದಾಗಲೂ ಸ್ಟಿಯರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಬೇಕು. ಟೈರಿನ ಭುಜಕ್ಕೆ ಸೀಮೆಸುಣ್ಣ ಬಳಿದಿಟ್ಟರೆ ತಾಗಿದಲ್ಲೆಲ್ಲ ಬಿಳಿ ಗುರುತು ಬೀಳುತ್ತದೆ. ಬ್ರೇಕಿನ ಹೋಸು, ಎಬಿಎಸ್ ವೈರು ಚಕ್ರ ಪೂರ್ತಿ ಕೆಳಗಿಳಿದಾಗ ಬಿಗಿಯುತ್ತವೆಯೇ ಎಂಬುದೂ ಇದರಲ್ಲೇ ಗೊತ್ತಾಗುತ್ತದೆ.

ಗುರುತು ಬಿದ್ದ ಜಾಗಗಳಲ್ಲಿ ಕೆಲವನ್ನು ಸರಿಸಬಹುದು, ಕೆಲವನ್ನು ಕತ್ತರಿಸಬೇಕು. ಪ್ಲಾಸ್ಟಿಕ್ ಲೈನರನ್ನು ಹೀಟ್ ಗನ್ನಿನಿಂದ ಮೆತ್ತಗೆ ಮಾಡಿ ಹಿಂದಕ್ಕೆ ಒತ್ತಬಹುದು. ತಗಡಿನ ಬೆಸುಗೆ ಅಂಚನ್ನು ಸುತ್ತಿಗೆಯಿಂದ ಮಡಚಿ ಮಲಗಿಸಬಹುದು. ಮಡಚಿದಾಗ ಬಣ್ಣ ಬಿರುಕು ಬಿಡುತ್ತದೆ. ಅಲ್ಲಿ ಸೀಲರ್ ಮತ್ತು ಬಣ್ಣ ಹಚ್ಚದಿದ್ದರೆ ಮಲೆನಾಡಿನ ಒಂದೇ ಮಳೆಗಾಲಕ್ಕೆ ತುಕ್ಕು ಒಳಗಿಳಿಯುತ್ತದೆ. ಬಾಡಿ ಮೌಂಟಿನ ಬ್ರಾಕೆಟ್ಟಿನಲ್ಲಿ ಮುಂದಿನ ಮೂಲೆಯನ್ನು ಮಾತ್ರ ಕತ್ತರಿಸಿ, ತೆರೆದ ಬಾಯಿಗೆ ದಪ್ಪ ಪ್ಲೇಟ್ ಬೆಸೆದು ಮುಚ್ಚುತ್ತಾರೆ. ಬೋಲ್ಟು ಕೂರುವ ತೋಳಿನ ಹತ್ತಿರ ಗ್ರೈಂಡರ್ ಹೋಗಲೇಬಾರದು, ಪ್ಲೇಟ್ ಬೆಸೆಯದೆ ಬಿಡಲೂಬಾರದು. ಕ್ಯಾಬಿನ್ನಿನ ಭಾರ ನಿಂತಿರುವ ಕೊಂಡಿಗಳಲ್ಲಿ ಅದೂ ಒಂದು. ಬೆಸೆಯುವ ಮುನ್ನ ಬ್ಯಾಟರಿ ತಂತಿ ತೆಗೆದಿಡಬೇಕು.

ಇಷ್ಟಾದ ಮೇಲೂ ಪೂರ್ತಿ ಒತ್ತಿದಾಗ ಟೈರು ಫೆಂಡರಿನ ತಗಡಿಗೆ ತಾಗುತ್ತಿದ್ದರೆ ಉಳಿಯುವುದು ಎರಡೇ ದಾರಿ. ಬಂಪ್ ಸ್ಟಾಪನ್ನು ಉದ್ದ ಮಾಡಿ ಚಕ್ರ ಅಷ್ಟು ಮೇಲೇರದಂತೆ ತಡೆಯಬಹುದು. ಓಡಾಟದ ಒಂದಷ್ಟು ಭಾಗ ಹೋಗುತ್ತದೆ, ಆದರೆ ಟೈರು ಉಳಿಯುತ್ತದೆ. ಲಿಫ್ಟ್ ನೆರವಿಗೆ ಬರುವುದು ಇಲ್ಲಿಯೇ: ಎತ್ತರಿಸಿದ್ದರಿಂದ ಮೇಲಕ್ಕೆ ಹೆಚ್ಚು ಓಡಾಟ ಸಿಕ್ಕಿದೆ, ಅದರಲ್ಲಿ 25 ಮಿ.ಮೀ. ಬಿಟ್ಟುಕೊಟ್ಟರೂ ಕಂಪನಿ ಕೊಟ್ಟಿದ್ದಕ್ಕಿಂತ ಕಡಿಮೆಯಾಗದು. ಇನ್ನೊಂದು ದಾರಿ ಬಾಡಿ ಲಿಫ್ಟ್, ಚಾಸಿಗೂ ಬಾಡಿಗೂ ನಡುವೆ ಗಟ್ಟಿ ಗುಬಟು ಇಟ್ಟು ಬಾಡಿಯನ್ನೇ ಎತ್ತುವುದು. ಹಲವರು ಇದನ್ನು ಕೀಳಾಗಿ ಕಾಣುತ್ತಾರೆ. ಆದರೆ ಓಡಾಟ ಬಿಟ್ಟುಕೊಡದೆ ಪೂರ್ತಿ ಒತ್ತಿದ ಚಕ್ರಕ್ಕೂ ಫೆಂಡರಿಗೂ ನಡುವಿನ ಅಂತರ ನಿಜವಾಗಿ ಹೆಚ್ಚಾಗುವುದು ಇದೊಂದರಲ್ಲೇ. ಬಾಡಿ ಮೌಂಟಿನ ಬ್ರಾಕೆಟ್ಟು ಮಾತ್ರ ಚಾಸಿಯ ಮೇಲೇ ಇರುವುದರಿಂದ ಆ ತೊಂದರೆ ಹಾಗೆಯೇ ಉಳಿಯುತ್ತದೆ. ಸ್ಟಿಯರಿಂಗಿನ ದಂಡ, ಹೋಸುಗಳು, ವೈರಿಂಗು ಆ ಹೆಚ್ಚುವರಿ ಅಂತರ ಮುಟ್ಟುತ್ತವೆಯೇ ಎಂದೂ ನೋಡಬೇಕು.

ಐಸ್‌ಲ್ಯಾಂಡಿನವರು ಈ ವಿದ್ಯೆಯನ್ನು ಇನ್ನೊಂದೇ ತುದಿಗೆ ಒಯ್ದಿದ್ದಾರೆ. ಹಿಮದ ಮೇಲೆ ಹೂತುಹೋಗದೆ ತೇಲಬೇಕಾದರೆ ಅಗಲವಾದ, ಗಾಳಿ ಬಹುತೇಕ ಇಳಿಸಿದ ದೊಡ್ಡ ಟೈರು ಬೇಕು. ಗಾಡಿಯನ್ನು ಬರೀ ಎತ್ತರಿಸುತ್ತಾ ಹೋದರೆ ಓರೆ ಇಳಿಜಾರಿನಲ್ಲಿ ಮಗುಚುತ್ತದೆ. ಆದ್ದರಿಂದ ಅವರು ಫೆಂಡರನ್ನೇ ಧಾರಾಳವಾಗಿ ಕತ್ತರಿಸಿ, ಟೈರನ್ನು ಮುಚ್ಚುವ ಅಗಲವಾದ ಅಂಚು (ಫ್ಲೇರ್) ಕೂರಿಸಿ, ಲಿಫ್ಟನ್ನು ಆದಷ್ಟು ಕಡಿಮೆ ಇಡುತ್ತಾರೆ. 2007ರಲ್ಲಿ ಆರ್ಕ್ಟಿಕ್ ಟ್ರಕ್ಸ್ ಸಂಸ್ಥೆ ಸಿದ್ಧಪಡಿಸಿದ ಹೈಲಕ್ಸ್ ಉತ್ತರ ಕಾಂತಧ್ರುವದ ಹಾದಿಯ ಹಿಮಗಡ್ಡೆಯ ಮೇಲೆ ಓಡಿದ್ದು 38 ಇಂಚಿನ ಟೈರುಗಳ ಮೇಲೆ. ಆ ಗಾಡಿಯ ಚಿತ್ರ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಚಕ್ರದ ಬಾಯಿಗಳು ಎಷ್ಟು ದೊಡ್ಡವು ಎಂಬುದು.

ಮುರಿಯುವ ಭಾಗಗಳು

ಮುಂದಿನ ಡಿಫರೆನ್ಷಿಯಲ್ ಚಾಸಿಗೆ ಬಿಗಿದಿದೆ. ಗಾಡಿ ಏರಿದಾಗ ಅದೂ ಏರುತ್ತದೆ, ಚಕ್ರ ಏರುವುದಿಲ್ಲ. ನಡುವಿನ ಸಿವಿ ಆಕ್ಸಲ್ ಮೊದಲಿಗಿಂತ ಹೆಚ್ಚು ಓರೆಯಾಗಿ ತಿರುಗಬೇಕು. ಮೊದಲ ಲಕ್ಷಣ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುವುದು. ರಿಮ್ಮಿನ ಒಳಮೈಗೆ ಕಪ್ಪು ಗ್ರೀಸು ಸಿಡಿದಿರುತ್ತದೆ. ಎರಡು ಇಂಚಿನವರೆಗೆ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಅದರಾಚೆ ಹೋದರೆ ಡಿಫರೆನ್ಷಿಯಲ್ಲನ್ನು ಸ್ಪೇಸರಿನಿಂದ ತುಸು ಕೆಳಗಿಳಿಸುತ್ತಾರೆ. ಮೂರು-ನಾಲ್ಕು ಇಂಚು ಎನ್ನುವವರಿಗೆ ಚಾಸಿಯ ಅಡಿಯ ಅಡ್ಡ ತೊಲೆಯನ್ನೇ (ಕ್ರಾಸ್‌ಮೆಂಬರ್) ಕೆಳಗಿಳಿಸುವ ಕಿಟ್ ಬೇಕು. ಟೈರಿಗೆ ಜಾಗ ಸಿಗಲೆಂದು ಎರಡರಿಂದ ನಾಲ್ಕಕ್ಕೆ ಹೋಗುವವರು ಕೊನೆಗೆ ಸಿವಿ ಜಾಯಿಂಟು ಕೊಳ್ಳುತ್ತಾ ಕೂರುವುದು ಹೀಗೆ.

ಜಿಪ್ಸಿ, ಜಿಮ್ನಿ, ರಾಂಗ್ಲರ್‌ನಂಥ ಗಾಡಿಗಳಲ್ಲಿ ಮುಂದೆಯೂ ಗಟ್ಟಿ ಆಕ್ಸಲ್ ಇರುವುದರಿಂದ ಈ ಕೋನದ ಕಾಟವಿಲ್ಲ. ಕಾಯಿಲ್ ಸ್ಪ್ರಿಂಗ್ ಇರುವ ಜಿಮ್ನಿ, ರಾಂಗ್ಲರ್‌ಗಳಲ್ಲಿ ಆಕ್ಸಲ್ ಅತ್ತಿತ್ತ ಸರಿಯದಂತೆ ಹಿಡಿಯುವ ಅಡ್ಡ ಸರಳು ಲಿಫ್ಟ್ ಮಾಡಿದಾಗ ಆಕ್ಸಲ್ಲನ್ನೇ ಒಂದು ಪಕ್ಕಕ್ಕೆ ಎಳೆಯುತ್ತದೆ, ಅದನ್ನು ಸರಿಹೊಂದಿಸಬೇಕು. 2020ರ ನಂತರದ ಥಾರ್‌ನ ಮುಂಭಾಗ ಸ್ವತಂತ್ರ ಸಸ್ಪೆನ್ಷನ್. ಸಿವಿ ಆಕ್ಸಲ್ಲಿನ ಕೋನದ ಮಾತು ಅದಕ್ಕೂ ಅನ್ವಯ.

ಹೈಲಕ್ಸಿನ ಹಿಂದೆ ಇರುವುದು ಹಳೆಯ ಕಮಾನು ಪಟ್ಟಿಗಳು. ಆಕ್ಸಲ್ಲಿಗೂ ಪಟ್ಟಿಗೂ ನಡುವೆ ಕಬ್ಬಿಣದ ದಿಮ್ಮಿ ಇಡುವುದು ಸುಲಭ. ಆದರೆ ಜೋರಾಗಿ ಎಳೆಯುವಾಗ ಆ ಎತ್ತರದ ದಿಮ್ಮಿ ಸನ್ನೆಗೋಲಿನ ಕೆಲಸ ಮಾಡಿ ಪಟ್ಟಿಯನ್ನು ತಿರುಚುತ್ತದೆ, ಆಕ್ಸಲ್ ಕುಪ್ಪಳಿಸುತ್ತದೆ. ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿಯನ್ನು (ಶ್ಯಾಕಲ್) ಉದ್ದನೆಯದು ಹಾಕಿದರೆ ಅದರ ಹೆಚ್ಚುವರಿ ಉದ್ದದ ಅರ್ಧದಷ್ಟು ಮಾತ್ರ ಗಾಡಿ ಏರುತ್ತದೆ, ಪ್ರೊಪೆಲ್ಲರ್ ಶಾಫ್ಟ್ ಡಿಫರೆನ್ಷಿಯಲ್ಲಿಗೆ ಸೇರುವ ಗೇರಿನ (ಪಿನಿಯನ್) ಕೋನವೂ ಬದಲಾಗಿ ಪ್ರೊಪೆಲ್ಲರ್ ಶಾಫ್ಟ್ ನಡುಗಲು ಶುರುಮಾಡಬಹುದು. ಹೊಸ ಪಟ್ಟಿ ಕಟ್ಟೇ ಒಳ್ಳೆಯದು. ಒಂದು ವಿಷಯವನ್ನು ಎಷ್ಟೋ ಗ್ಯಾರೇಜುಗಳೂ ಮರೆಯುತ್ತವೆ: ಕೆಲವು ಹಳೆಯ ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿನ ಒತ್ತಡ ನಿರ್ಧರಿಸುವ ವಾಲ್ವ್ ಒಂದು ಸರಳಿನ ಮೂಲಕ ಆಕ್ಸಲ್ಲಿಗೆ ಜೋಡಿಸಿರುತ್ತದೆ. ಹಿಂಭಾಗ ಏರಿದರೆ ಗಾಡಿ ಖಾಲಿಯಿದೆ ಎಂದು ಅದು ತಿಳಿದು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಪೂರ್ತಿ ಲೋಡು ಹೇರಿದ ಗಾಡಿಯಲ್ಲಿ ಇದು ಚಿಕ್ಕ ಮಾತಲ್ಲ. ಲಿಫ್ಟಿಗೆ ತಕ್ಕಂತೆ ಆ ಸರಳಿನ ಬ್ರಾಕೆಟ್ಟನ್ನೂ ಎತ್ತರಿಸಬೇಕು.

ಟೈರು ಶೇ 7ರಷ್ಟು ದೊಡ್ಡದಾದರೆ ಗೇರು, ಬ್ರೇಕು, ಮೀಟರು ಮೂರಕ್ಕೂ ಅದೇ ಶೇ 7 ತಟ್ಟುತ್ತದೆ. ಮೀಟರ್ ಲೆಕ್ಕದಲ್ಲಿ 100 ಕಿ.ಮೀ. ಆದಾಗ ಗಾಡಿ 107 ಹೋಗಿರುತ್ತದೆ. ಅದೇ ಪೆಡಲ್ ಒತ್ತಡಕ್ಕೆ ನೆಲದಲ್ಲಿ ಸಿಗುವ ಬ್ರೇಕಿನ ಬಲ ಕಡಿಮೆ. ಡಿಫರೆನ್ಷಿಯಲ್ಲಿನ ಗೇರು ಅನುಪಾತ 3.9 ಇದ್ದದ್ದು 3.64 ಆದಂತೆ. ಮೂಲ ಎಳೆತ ಮರಳಿ ಬರಬೇಕಾದರೆ 4.17 ಬೇಕು, ಅದಕ್ಕೆ ಹತ್ತಿರದ್ದು 4.1 ಅಥವಾ 4.3. ಬದಲಿಸುವುದಾದರೆ ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್ ಎರಡನ್ನೂ ಒಟ್ಟಿಗೆ ಬದಲಿಸಬೇಕು, ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎರಡೂ ಒಂದಕ್ಕೊಂದು ಎದುರು ನಿಂತು ಏನಾದರೂ ಮುರಿಯುತ್ತದೆ. 2.8 ಲೀಟರ್ ಡೀಸೆಲ್ ಆಟೊಮ್ಯಾಟಿಕ್ಕಿಗೆ 500 ನ್ಯೂಟನ್ ಮೀಟರ್ ಟಾರ್ಕ್ ಇರುವುದರಿಂದ 33 ಇಂಚಿಗೆ ಗೇರು ಬದಲಿಸುವ ಅಗತ್ಯ ಬೀಳುವುದು ಕಡಿಮೆ, 35ಕ್ಕೆ ಹೋದರೆ ಯೋಚಿಸಲೇಬೇಕು. ತೂಕವನ್ನೂ ಮರೆಯುವಂತಿಲ್ಲ. ಗಟ್ಟಿ ಗೋಡೆಯ 33 ಇಂಚಿನ ಟೈರೊಂದು ಕಂಪನಿ ಟೈರಿಗಿಂತ ಹಲವು ಕಿಲೋ ಭಾರ, ಆ ಭಾರವನ್ನೆಲ್ಲ ಹತೋಟಿಯಲ್ಲಿಡಬೇಕಾದದ್ದು ಶಾಕ್.

ಕಾನೂನು ಏನು ಹೇಳುತ್ತದೆ

ಆಸ್ಟ್ರೇಲಿಯಾದ ರಾಷ್ಟ್ರೀಯ ಮಾರ್ಪಾಡು ಸಂಹಿತೆ ಫೋರ್ ವೀಲ್ ಗಾಡಿಗಳಿಗೆ ಕಂಪನಿ ಸೂಚಿಸಿದ ಅತಿ ದೊಡ್ಡ ಟೈರಿಗಿಂತ ವ್ಯಾಸದಲ್ಲಿ 50 ಮಿ.ಮೀ. ವರೆಗೆ ಹೆಚ್ಚಳ ಒಪ್ಪುತ್ತದೆ. ಅದರ ಮೇಲೆ ರಾಜ್ಯಕ್ಕೊಂದು ನಿಯಮವಿದೆ. ನಮ್ಮ ಲೆಕ್ಕದ 285/70 ಆರ್17 ಸುಮಾರು 55 ಮಿ.ಮೀ. ಹೆಚ್ಚು, ಅಂದರೆ ಮಿತಿಯಾಚೆ. ಅಲ್ಲಿನ ಕನ್ನಡಿಗರು 275/70 ಆರ್17 ಆರಿಸಿಕೊಂಡರೆ ಹೆಚ್ಚಳ ಸುಮಾರು 40 ಮಿ.ಮೀ. ಅಷ್ಟೇ, ಕತ್ತರಿಸುವ ಕೆಲಸವೂ ಕಡಿಮೆ.

ಭಾರತದಲ್ಲಿ ಕಾನೂನು ಬಿಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಅಪಘಾತವಾದರೆ ವಿಮೆಯ ಪ್ರಶ್ನೆಯೂ ಏಳುತ್ತದೆ. ಕೊಡಗು, ಸಕಲೇಶಪುರದ ಕಡೆ ಖಾಸಗಿ ತೋಟಗಳ ಕೆಸರಿನಲ್ಲಿ ಓಡುವ, ಟ್ರೇಲರಿನ ಮೇಲೆ ಹೋಗಿಬರುವ ಗಾಡಿಗಳ ಮಾತು ಬೇರೆ. ದಿನವೂ ರಸ್ತೆಗಿಳಿಯುವ ಗಾಡಿಗೆ ಕಂಪನಿ ಅಳತೆಯಲ್ಲೇ ಒಳ್ಳೆಯ ಆಲ್ ಟೆರೇನ್ ಟೈರು ಹಾಕಿ, ಗಾಳಿಯ ಒತ್ತಡ ಇಳಿಸಲು ಕಲಿತರೆ ಕೆಸರಿನಲ್ಲೂ ಕಲ್ಲಿನಲ್ಲೂ ಬಹಳ ದೂರ ಹೋಗಬಹುದು ಎಂದು ಯಾರು ಕೇಳಿದರೂ ಹೇಳುತ್ತೇನೆ.

ಕೆಲಸ ಮಾಡಿಸುವುದೇ ಆದರೆ ಗ್ಯಾರೇಜಿನಿಂದ ಗಾಡಿ ಹೊರಬರುವ ಮುನ್ನ ಒಂದನ್ನು ಕಣ್ಣಾರೆ ನೋಡಿಕೊಳ್ಳಿ. ಕಂಟ್ರೋಲ್ ಆರ್ಮಿನ ಬುಡದ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ಬಿಗಿದು ಮುಗಿಸುವ ರೂಢಿ ಇದೆ. ಒಳಗಿನ ರಬ್ಬರ್ ಬುಷ್ ಅದೇ ಕೋನದಲ್ಲಿ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದ ಕ್ಷಣದಿಂದ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬೋಲ್ಟನ್ನು ಸಡಿಲವಾಗಿ ಕೂರಿಸಿ, ಗಾಡಿಯನ್ನು ನಾಲ್ಕು ಚಕ್ರದ ಮೇಲೆ ಇಳಿಸಿ, ಬಂಪರ್ ಹಿಡಿದು ಎರಡು ಮೂರು ಸಲ ಒತ್ತಿ ಬಿಟ್ಟು, ಸ್ಪ್ರಿಂಗ್ ತನ್ನ ಎತ್ತರಕ್ಕೆ ಬಂದು ನಿಂತ ಮೇಲೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಅಲೈನ್‌ಮೆಂಟ್ ಅದಾದ ನಂತರ. ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಎಲ್ಲ ಬೋಲ್ಟುಗಳಿಗೂ ಮತ್ತೊಮ್ಮೆ ರೆಂಚ್ ಹಾಕಿ, ಬಾಡಿ ಮೌಂಟಿನ ಹೊಸ ಬಣ್ಣದ ಮೇಲೆ ಟೈರಿನ ಗುರುತು ಬಿದ್ದಿದೆಯೇ ಎಂದು ಟಾರ್ಚು ಹಿಡಿದು ನೋಡಿ.